ಅವಸರ ಬಿಟ್ಟು ನೋಡುವುದು, ಉಣ್ಣುವುದು, ಕೂಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ಮತ್ತು ಸುತ್ತಲಿನ ಊರುಗಳ ನಾವು ಕೆಲವರು ರವಿವಾರ ಬೆಳಿಗ್ಗೆ ಎಲ್ಲಾದರೂ ಸೇರಿ ಒಂದೇ ಸಂಗತಿಯನ್ನು ಬಹಳ ಹೊತ್ತು ನೋಡುತ್ತ ಕೂಡುತ್ತೇವೆ. ಒಮ್ಮೆ ಅದು ಬಾದಾಮಿ ಗುಹೆಯ ಒಂದು ಕಂಬ, ಇನ್ನೊಮ್ಮೆ ಕಾಳು ಕಟ್ಟುತ್ತಿರುವ ಜೋಳದ ಹೊಲ, ಮತ್ತೊಮ್ಮೆ ಯಾರದೋ ಮನೆಯ ಅಡುಗೆಮನೆ. ಇದಕ್ಕೆ ಹೆಸರಿಲ್ಲ, ಚಂದಾ ಎತ್ತುವುದಿಲ್ಲ, ಅಧ್ಯಕ್ಷರು ಕಾರ್ಯದರ್ಶಿಗಳಿಲ್ಲ. ಹೊಸದಾಗಿ ಬರುವವರು ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಅವಕ್ಕೆ ನನಗೆ ತಿಳಿದಂತೆ ಇಲ್ಲಿ ಉತ್ತರ ಬರೆದಿದ್ದೇನೆ. ನಮ್ಮೊಳಗಿನ ಎಲ್ಲರೂ ಎಲ್ಲವನ್ನೂ ಒಪ್ಪುತ್ತಾರೆಂದು ಹೇಳಲಾರೆ.

ಅವಸರ ಬಿಡೂದಂದ್ರ ಎಲ್ಲಾ ಕೆಲಸ ನಿಧಾನ ಮಾಡೂದೇನ್ರೀ?

ಅಲ್ಲ. ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ, ಅದಕ್ಕೇ ಇದನ್ನು ಮೊದಲು ಇಟ್ಟೆ.

ಖಾನಾವಳಿಗೆ ರೊಟ್ಟಿ ಬಡಿದುಕೊಡುವ ಅಕ್ಕಂದಿರ ಎದುರು ಸ್ವಲ್ಪ ಹೊತ್ತು ಕುಳಿತು ನೋಡಿ. ಅವರ ಕೈ ಎಷ್ಟು ಚುರುಕೆಂದರೆ ಒಂದು ರೊಟ್ಟಿ ಹಂಚಿನ ಮೇಲೆ ಬೇಯುವಷ್ಟರಲ್ಲಿ ಇನ್ನೊಂದು ತಯಾರಾಗಿರುತ್ತದೆ. ಆದರೆ ಆ ಕೈಯಲ್ಲಿ ಗಡಿಬಿಡಿ ಇಲ್ಲ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟು ಇಲ್ಲವಾದ್ದರಿಂದ ತಣ್ಣೀರಿನಲ್ಲಿ ಕಲಸಿದರೆ ಅದು ಕೂಡಿಕೊಳ್ಳುವುದಿಲ್ಲ. ಎಸರು ಕುದಿಸಿ ಹಾಕಬೇಕು. ಆ ಬಿಸಿಗೆ ಹಿಟ್ಟಿನ ಪಿಷ್ಟ ಅರಳಿ ಅಂಟು ಬಿಡುತ್ತದೆ. ಆಮೇಲೆ ಅಂಗೈ ಬುಡದಿಂದ ಒತ್ತೊತ್ತಿ ನಾದಬೇಕು. ಬೀಸಿಸಿ ಬಹಳ ದಿನವಾದ ಹಿಟ್ಟಾದರೆ ಅಂಚು ಸೀಳುತ್ತದೆ. ನಾದುವಾಗಲೇ ಅದು ಅವರ ಬೆರಳಿಗೆ ತಿಳಿದಿರುತ್ತದೆ, ಇನ್ನೊಂದು ಹನಿ ನೀರು ಮುಟ್ಟಿಸಿಕೊಳ್ಳುತ್ತಾರೆ. ಬಡಿಯಲು ಶುರುಮಾಡಿದಾಗ ಸಪ್ಪಳ ದಪ್ಪಗಿರುತ್ತದೆ. ರೊಟ್ಟಿ ತಿರುಗುತ್ತ ತಿರುಗುತ್ತ ಅಗಲವಾದಂತೆ ಸಪ್ಪಳ ತೆಳುವಾಗುತ್ತ ಹೋಗುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ಆ ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಿಹಾಕಬೇಕು. ಮುಂಚೆ ತಿರುವಿದರೆ ಅಂಟುತ್ತದೆ, ತಡಮಾಡಿದರೆ ಬಿರಿಯುತ್ತದೆ. ಗಡಿಯಾರ ನೋಡಿ ಈ ಕೆಲಸ ಮಾಡಲು ಬರುವುದಿಲ್ಲ.

ಕೈ ಜೋರಾಗಿ ಓಡುತ್ತಿದ್ದರೂ ಕಣ್ಣು, ಕಿವಿ, ಬೆರಳು ಮೂರೂ ರೊಟ್ಟಿಯ ಮೇಲಿವೆ. ನಾವು ಬಿಡಬೇಕೆನ್ನುವ ಅವಸರ ಬೇರೆಯದು: ಕೈ ರೊಟ್ಟಿ ಮುರಿಯುತ್ತಿದ್ದರೂ ಮನಸ್ಸು ಆಗಲೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತದಲ್ಲ, ಅದು.

ನಮಗ ಟೈಮ್ ಎಲ್ಲೈತ್ರೀ? ಮುಂಜಾನೆ ಎದ್ದಾಗಿಂದ ಓಡೂದೇ ಆಗೇತಿ.

ಹೊಸದಾಗಿ ಸಮಯ ಹುಡುಕಬೇಕಿಲ್ಲ, ಹೇಗೂ ಕಳೆಯುತ್ತಿರುವ ಸಮಯವೇ ಸಾಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2,250 ಜನರ ಮೊಬೈಲಿಗೆ ದಿನದ ಯಾವ್ಯಾವುದೋ ಹೊತ್ತಿನಲ್ಲಿ ‘ಈಗೇನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗನ್ನಿಸುತ್ತಿದೆ’ ಎಂದು ಕೇಳುತ್ತ ಹೋದರು. ಶೇ 46.9ರಷ್ಟು ಸಲ ಮನಸ್ಸು ಮಾಡುತ್ತಿದ್ದ ಕೆಲಸ ಬಿಟ್ಟು ಬೇರೆಲ್ಲೋ ಇತ್ತು, ಅಂಥ ಹೊತ್ತಿನಲ್ಲಿ ಜನ ಕಡಿಮೆ ಸಂತೋಷದಿಂದಿದ್ದರು. ಅಂದರೆ ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕೆ ಹತ್ತಿರ ನಮ್ಮ ಕೈತಪ್ಪಿ ಹೋಗುತ್ತಿದೆ. ಬೇಕಾದ ಸಮಯ ಅಲ್ಲೇ ಇದೆ.

ಬಾಗಲಕೋಟೆಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದರೆ ಕೊರ್ತಿ-ಕೊಲ್ಹಾರ ಸೇತುವೆ ಬರುತ್ತದೆ. ಅದನ್ನು ದಾಟುವಷ್ಟು ಹೊತ್ತು ಮೊಬೈಲ್ ಕಿಸೆಯಲ್ಲಿಟ್ಟು ಕೃಷ್ಣೆಯ ಹಿನ್ನೀರು ನೋಡಿ. ಮಳೆಗಾಲದ ನೀರಿನ ಬಣ್ಣ ಬೇರೆ, ಮಾಘದ ನೀರಿನ ಬಣ್ಣ ಬೇರೆ. ದಿನಾ ಓಡಾಡುವವರಿಗೆ ವರ್ಷವಿಡೀ ನೋಡಲು ಸಿಗುವ ಸಂಗತಿ ಇದು, ಒಂದು ನಿಮಿಷವೂ ಹೆಚ್ಚಿಗೆ ಖರ್ಚಾಗುವುದಿಲ್ಲ.

ಇದೆಲ್ಲಾ ಉಂಡು ಕುಂತವರ ಮಾತಲ್ಲೇನು? ದುಡುದು ತಿನ್ನೋರಿಗೆ ಇದೇನು ಉಪಯೋಗ?

ಈ ಪ್ರಶ್ನೆಗೆ ಸಲೀಸಾಗಿ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಕೂಲಿ ಸಾಲದೆ ಎರಡು ಕಡೆ ದುಡಿಯುವವರಿಗೆ ‘ಸೂರ್ಯೋದಯ ಸವಿಯಿರಿ’ ಎನ್ನುವುದು ನಿರ್ದಯ ಮಾತು. ಅವರಿಗೆ ಬೇಕಿರುವುದು ಸರಿಯಾದ ಕೂಲಿ, ವಿಶ್ರಾಂತಿ, ಬೆಳೆದದ್ದಕ್ಕೆ ಬೆಲೆ. ಅದರ ಜಾಗದಲ್ಲಿ ಇದನ್ನು ಇಡಬಾರದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಸಣ್ಣದನ್ನು ಸವಿಯುವ ಜಾಣ್ಮೆ ಈ ಭಾಗದಲ್ಲಿ ಉಳಿದುಬಂದಿರುವುದು ದುಡಿಯುವವರ ಮನೆಗಳಲ್ಲೇ. ಎಳ್ಳ ಅಮವಾಸ್ಯೆಯನ್ನೇ ನೋಡಿ. ಹಿಂಗಾರಿ ಜೋಳ ಹೊಲದಲ್ಲಿ ಎದ್ದು ನಿಂತಿರುವ ಡಿಸೆಂಬರ್-ಜನವರಿಯ ಹೊತ್ತು. ಮಳೆ ನಿಂತ ಮೇಲೆ ಎರೆಮಣ್ಣು ಹಿಡಿದಿಟ್ಟುಕೊಂಡ ತೇವದಲ್ಲೇ ಬೆಳೆದ ಪೈರು ಅದು. ಆ ದಿನ ಕೆಲಸವಿಲ್ಲ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಕಡುಬು. ಐದು ಕಲ್ಲಿಟ್ಟು ಪೂಜಿಸಿ, ನೈವೇದ್ಯದ ಅಡುಗೆಯನ್ನು ಹೊಲದ ಸುತ್ತ ಚರಗವೆಂದು ಚೆಲ್ಲಿ, ಆಮೇಲೆ ಬದುವಿನ ಮೇಲೆ ಕುಳಿತು ಉಣ್ಣುತ್ತಾರೆ. ಉಂಡಾದ ಮೇಲೆ ಯಾರೂ ಗಡಬಡಿಸಿ ಎದ್ದು ಹೊರಡುವುದಿಲ್ಲ. ಬೆಳೆಯ ನಡುವೆ ಸುಮ್ಮನೆ ಅಡ್ಡಾಡುತ್ತಾರೆ. ವರ್ಷವಿಡೀ ಆ ಹೊಲವನ್ನು ಕೆಲಸದ ಕಣ್ಣಿನಿಂದ ನೋಡಿದವರು ಅಂದು ಬರೀ ನೋಡುವುದಕ್ಕೆ ನೋಡುತ್ತಾರೆ.

ಅದರ ಹಿಂದೆಯೇ ಸೀತನಿ ಬರುತ್ತದೆ. ಕಾಳು ಹಾಲುದುಂಬಿ ಇನ್ನೂ ಗಟ್ಟಿಯಾಗದ ಕೆಲವೇ ದಿನ. ತೆನೆ ಮುರಿದು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿ ಇರುವಾಗಲೇ ಬಡಿದು ಕಾಳುದುರಿಸಿ, ಹೊಟ್ಟು ತೂರಿ, ಬೆಲ್ಲದ ಜೊತೆ ಇಲ್ಲವೇ ಗುರೆಳ್ಳು ಚಟ್ನಿಯ ಜೊತೆ ತಿನ್ನುವುದು. ಹಸಿರು ಕಾಳು ಹಲ್ಲಿಗೆ ಸಿಕ್ಕಾಗ ಒಳಗಿನ ಹಾಲು ಸಿಹಿಯಾಗಿ ಒಡೆಯುತ್ತದೆ, ಹೊರಗಿನ ಸುಟ್ಟ ವಾಸನೆ ಮೂಗಿಗೆ ಬರುತ್ತದೆ. ಹತ್ತು ದಿನ ತಡೆದು ಹೋದರೆ ಅದೇ ತೆನೆಯ ಕಾಳು ಕಲ್ಲಾಗಿರುತ್ತದೆ. ಫ್ರಿಜ್ಜಿನಲ್ಲಿಟ್ಟು ಆಮೇಲೆ ತಿನ್ನುವ ಪದಾರ್ಥ ಇದಲ್ಲ. ಡೋಣಿ ಹೊಳೆಯ ಬಯಲಿನ ಬಗ್ಗೆ ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಅನ್ನುವ ನಾಡಿನಲ್ಲಿ ಹುಟ್ಟಿ ಸೀತನಿ ತಿಂದಿಲ್ಲದ ಮಕ್ಕಳು ಈಗ ಪ್ಯಾಟಿಯಲ್ಲಿ ಎಷ್ಟೋ ಜನ ಇದ್ದಾರೆ. ಅದು ನನಗೆ ನಿಜವಾಗಿ ನೋವಿನ ಸಂಗತಿ.

ಒಂದೇ ದಿನದಾಗ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮುಗಿಸಬಹುದಾ?

‘ಮುಗಿಸಬಹುದು’. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿಲೋಮೀಟರು, ಅಲ್ಲಿಂದ ಐಹೊಳೆ ಇನ್ನೂ ಹತ್ತಿರ. ಗಾಡಿ ಇದ್ದರೆ ಮೂರೂ ಕಡೆ ಇಳಿದು ಹತ್ತಿ ಸಂಜೆಗೆ ಊರು ಸೇರಬಹುದು. ದೂರದಿಂದ ಬಂದವರಿಗೆ ಬೇರೆ ದಾರಿ ಇರುವುದಿಲ್ಲ, ಅದೂ ಗೊತ್ತು. ಆದರೆ ನಮ್ಮ ಜಿಲ್ಲೆಯವರೇ, ಬೇಕೆಂದಾಗ ಬರಬಹುದಾದವರೇ ಹಾಗೆ ಮಾಡಿದರೆ ತಡೆಯಬೇಕೆನಿಸುತ್ತದೆ.

ಬಾದಾಮಿಯ ಒಂದನೆಯ ಗುಹೆಯನ್ನಷ್ಟೇ ತೆಗೆದುಕೊಳ್ಳಿ. ಬಲಗಡೆಯ ನಟರಾಜನಿಗೆ 18 ಕೈ. ಎಲ್ಲರೂ ಎಣಿಸುತ್ತಾರೆ, 18 ಬಂತೆಂದು ಸಮಾಧಾನಪಟ್ಟು ಎರಡನೆಯ ಗುಹೆಯ ಮೆಟ್ಟಿಲು ಹತ್ತುತ್ತಾರೆ. ಎಣಿಸುವುದನ್ನು ಬಿಟ್ಟು ಒಂದೊಂದೇ ಕೈಯನ್ನು ಭುಜದಿಂದ ಬೆರಳತುದಿಯವರೆಗೆ ಕಣ್ಣಲ್ಲಿ ಹಿಂಬಾಲಿಸಿ. ಇಷ್ಟು ಕೈಗಳು ಒಂದೇ ಮೈಯಿಂದ ಹೊರಟರೂ ಯಾವುದೂ ಅಂಟಿಸಿದಂತೆ ಕಾಣುವುದಿಲ್ಲ. ಶಿಲ್ಪಿ ಭುಜದ ಹತ್ತಿರ ಏನು ಮಾಡಿದ್ದಾನೆಂದು ಹುಡುಕುತ್ತ ಹೋದರೆ ಹೊತ್ತು ಹೋಗುವುದು ತಿಳಿಯದು. ಎದುರಿಗೆ, ಪ್ರವೇಶದ ಎಡಕ್ಕೆ, ತ್ರಿಶೂಲ ಹಿಡಿದ ದ್ವಾರಪಾಲಕನ ಕೆಳಗೆ ಒಂದು ಸಣ್ಣ ಕೆತ್ತನೆ ಇದೆ: ಒಂದೇ ತಲೆ, ಎರಡು ಮೈ. ಒಂದು ಮೈಯನ್ನು ಕೈಯಿಂದ ಮರೆಮಾಡಿದರೆ ಆನೆ, ಇನ್ನೊಂದನ್ನು ಮರೆಮಾಡಿದರೆ ಬಸವ. ಗೈಡ್ ಇದ್ದರೆ ತೋರಿಸುತ್ತಾರೆ, ಅಷ್ಟಕ್ಕೇ ನಿಲ್ಲಬೇಡಿ. ಆನೆಯ ಯಾವ ಭಾಗ ಬಸವನಿಗೆ ಕೊಂಬಾಗಿದೆ, ಯಾವುದು ಕಿವಿಯಾಗಿದೆ ಎಂದು ನೀವೇ ಬಿಡಿಸಿಕೊಳ್ಳಿ.

ಮೂರನೆಯ ಗುಹೆಯನ್ನು ಚಾಲುಕ್ಯರ ಮಂಗಳೇಶ ಕ್ರಿ.ಶ. 578ರಲ್ಲಿ ಕೊರೆಸಿದ್ದೆಂದು ಅಲ್ಲಿನ ಶಾಸನವೇ ಹೇಳುತ್ತದೆ. ತಲೆಯೆತ್ತಿ ಕಂಬದ ಬೋದಿಗೆಗಳಲ್ಲಿರುವ ದಂಪತಿಗಳನ್ನು ನೋಡಿ. ಚಾವಣಿಯಲ್ಲಿ ಬಣ್ಣದ ಚಿತ್ರದ ಕುರುಹು ಇನ್ನೂ ಉಳಿದಿದೆ, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲಷ್ಟೇ ಕಾಣುತ್ತದೆ. ಓಡಿಹೋಗುವವರಿಗೆ ಆ ಬಣ್ಣ ಸಿಗುವುದೇ ಇಲ್ಲ. ಹಾಗೆಯೇ ತಟ್ಟುಕೋಟೆಯ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು ಕ್ರಿ.ಶ. 700ರದು. ಕನ್ನಡದ ಅತ್ಯಂತ ಹಳೆಯ ತ್ರಿಪದಿಗಳು ಅದರಲ್ಲಿವೆ. ಬೀಸುವ ಕಲ್ಲಿನ ಮುಂದೆ ನಮ್ಮ ಅಜ್ಜಿಯಂದಿರು ಹಾಡಿದ್ದೂ ತ್ರಿಪದಿಯನ್ನೇ. ಕಲ್ಲಿಗೆ ಬಿದ್ದ ಛಂದಸ್ಸು ಹಿಟ್ಟು ಬೀಸುವ ಕೈಗೆ ಅಷ್ಟು ಶತಮಾನ ಜೊತೆಗಿತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿ ಒಂದೇ ಅಂಗಳದಲ್ಲಿ ಉತ್ತರದ ಶೈಲಿಯ ಶಿಖರಗಳೂ ದಕ್ಷಿಣದ ಶೈಲಿಯ ವಿಮಾನಗಳೂ ಅಕ್ಕಪಕ್ಕ ನಿಂತಿವೆ. ಎರಡನ್ನು ಆರಿಸಿಕೊಂಡು ನಡುವೆ ಕುಳಿತು, ಒಂದನ್ನು ನೋಡಿ ಇನ್ನೊಂದಕ್ಕೆ ತಿರುಗಿ. ವಿರೂಪಾಕ್ಷ ದೇವಾಲಯವನ್ನು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಕಟ್ಟಿದ ಗುಂಡನೆಂಬ ಶಿಲ್ಪಿಯ ಹೆಸರೂ ಶಾಸನದಲ್ಲಿ ಉಳಿದಿದೆ. ಐಹೊಳೆಗೆ ಇನ್ನೊಂದು ದಿನ ಇಟ್ಟುಕೊಳ್ಳಿ.

ಗೋಳಗುಮ್ಮಟದಾಗ ಬರೇ ಕೂಗಾಟ. ಅಲ್ಲಿ ಏನು ಸವಿಯೂದು?

ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. ಶಾಲೆಯ ಪ್ರವಾಸದ ಬಸ್ಸುಗಳು ಬರುವ ಮುಂಚೆ ಪಿಸುಗುಡುವ ಗ್ಯಾಲರಿಯಲ್ಲಿ ಗೋಡೆಗೆ ಮುಖವಿಟ್ಟು ಮೆಲ್ಲಗೆ ಮಾತಾಡಿದರೆ ಸುಮಾರು 38 ಮೀಟರ್ ಆಚೆ, ಗುಮ್ಮಟದ ಇನ್ನೊಂದು ಬದಿಗೆ ಕುಳಿತವರಿಗೆ ಕೇಳುತ್ತದೆ. ಅಷ್ಟು ಸಣ್ಣ ದನಿಗೆ ಕಟ್ಟಡ ಓಗೊಡುತ್ತಿರುವಾಗ ಕಿರುಚಾಡುವುದು ನನಗೆ ಅರ್ಥವಾಗದ ಸಂಗತಿ. ಕೆಳಗಿಳಿದ ಮೇಲೆ ನಡುಮಧ್ಯ ನಿಂತು ಕತ್ತೆತ್ತಿ ನೋಡಿ. ಚೌಕದ ಕೋಣೆಯ ಮೇಲೆ ದುಂಡು ಗುಮ್ಮಟ ಕೂಡುವುದು ಹೇಗೆ? ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕಗಳಂತೆ ಎಂಟು ಕಮಾನುಗಳು ಒಂದನ್ನೊಂದು ಹಾಯ್ದು ಚೌಕವನ್ನು ದುಂಡಿಗೆ ತರುತ್ತವೆ. ಒಂದು ಕಮಾನು ಎಲ್ಲಿ ಹುಟ್ಟಿ ಎಲ್ಲಿಗೆ ಇಳಿಯುತ್ತದೆಂದು ಬೆರಳು ಮಾಡಿ ಹಿಂಬಾಲಿಸಿ, ಪೂರ್ತಿ ಲೆಕ್ಕ ಬಿಚ್ಚಿಕೊಳ್ಳುತ್ತದೆ. ಇಲ್ಲಿ ಗೋರಿಯಾಗಿರುವ ವಿಜಯಪುರದ ಸುಲ್ತಾನ ಮುಹಮ್ಮದ್ ಆದಿಲ್ ಶಾಹ 1656ರಲ್ಲಿ ತೀರಿಕೊಂಡ. ಅಂದಿನಿಂದ ಆ ಕಮಾನುಗಳು ಗುಮ್ಮಟದ ಭಾರ ಹೊತ್ತು ನಿಂತಿವೆ.

ಸಾಧ್ಯವಾದರೆ ಅದೇ ದಿನ ಇನ್ನೇನನ್ನೂ ನೋಡದೆ ಇಬ್ರಾಹಿಂ ರೋಜಾಕ್ಕೆ ಹೋಗಿ. ಒಂದೇ ಕಟ್ಟೆಯ ಮೇಲೆ ಎದುರುಬದುರಾಗಿ ಗೋರಿ ಮತ್ತು ಮಸೀದಿ, ನಡುವೆ ಕಾರಂಜಿಯ ಹೊಂಡ. ಕಿಟಕಿಯ ಜಾಲರಿಗಳೇ ಅಕ್ಷರಗಳು. ಕಲ್ಲನ್ನು ಕೊರೆದು ಬರಹವಾಗಿಸಿದ್ದಾರೆ, ಬೆಳಕು ಅದರ ನಡುವಿನಿಂದ ಒಳಗೆ ಬರುತ್ತದೆ. ಅರಬ್ಬಿ ಓದಲು ಬರದ ನನಗೂ ಆ ಕಿಟಕಿಯ ಮುಂದೆ ಅರ್ಧ ತಾಸು ಸಲೀಸಾಗಿ ಹೋಗುತ್ತದೆ.

ಫೋಟೊ ತಗೀಬಾರದಾ?

ತೆಗೆಯಿರಿ, ಆದರೆ ನೋಡಿದ ಮೇಲೆ. ಅಮೆರಿಕದ ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ ವಸ್ತುಸಂಗ್ರಹಾಲಯವೊಂದರಲ್ಲಿ ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದರು. ಬರೀ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದ ವಸ್ತುಗಳ ವಿವರ ಜನರಿಗೆ ಕಡಿಮೆ ನೆನಪಿತ್ತು. ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆಂದು ಮನಸ್ಸು ಕೈಬಿಡುತ್ತದೆ. ಅದೇ ಪ್ರಯೋಗದಲ್ಲಿ ವಸ್ತುವಿನ ಒಂದು ಭಾಗಕ್ಕೆ ಝೂಮ್ ಮಾಡಿ ತೆಗೆದವರ ನೆನಪು ಮಾತ್ರ ಹಾಗೆ ಕುಂದಲಿಲ್ಲ. ಆದ್ದರಿಂದ ನಮ್ಮಲ್ಲಿ ಬರುವವರಿಗೆ ನಾನು ಹೇಳುವುದು ಇಷ್ಟೇ: ಇಡೀ ಗುಹೆಯ ಮುಂದೆ ನಿಂತು ಸೆಲ್ಫಿ ಬೇಡ, ನಟರಾಜನ ಒಂದೇ ಒಂದು ಕೈಯ ಫೋಟೊ ತೆಗೆಯಿರಿ.

ಉಣ್ಣುವಾಗ ಏನು ಮಾಡಬೇಕು? ಎಷ್ಟು ಸಲ ಅಗಿಯಬೇಕು ಅಂತ ಲೆಕ್ಕ ಐತೇನು?

ಲೆಕ್ಕ ಬೇಡ. ಮೊದಲ ನಾಲ್ಕು ತುತ್ತು ಮಾತಿಲ್ಲದೆ, ಮೊಬೈಲ್ ಪರದೆಯಿಲ್ಲದೆ ಉಣ್ಣಿ. ಆಮೇಲೆ ನಿಮ್ಮಿಷ್ಟ.

ಇದನ್ನು ಕಲಿಸಲು ಹೊರದೇಶದಲ್ಲಿ ಬಳಸುವ ವಸ್ತು ನಮ್ಮ ಪಕ್ಕದಲ್ಲೇ ಬೆಳೆಯುತ್ತದೆ. ಜಾನ್ ಕಬಾಟ್-ಜಿನ್ ಎಂಬುವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ನೋವು, ಒತ್ತಡದಿಂದ ಬಳಲುವ ರೋಗಿಗಳಿಗಾಗಿ ಒಂದು ತರಬೇತಿ ಶುರುಮಾಡಿದರು. ಅದರ ಹೆಸರಾಂತ ಪಾಠವೆಂದರೆ ಒಂದೇ ಒಂದು ಒಣದ್ರಾಕ್ಷಿಯನ್ನು ಕೆಲವು ನಿಮಿಷ ತಿನ್ನುವುದು. ವಿಜಯಪುರ ಜಿಲ್ಲೆಯಲ್ಲಿ ತಿಕೋಟಾ ಸೀಮೆಗೆ ಬೇಸಿಗೆಯ ಮೊದಲಲ್ಲಿ ಹೋದರೆ ಹೊಲಗಳ ನಡುವೆ ಉದ್ದುದ್ದ ಶೆಡ್ಡುಗಳಲ್ಲಿ ಜಾಳಿಗೆಯ ಅಂತಸ್ತುಗಳ ಮೇಲೆ ದ್ರಾಕ್ಷಿ ನೆರಳಲ್ಲಿ ಒಣಗುತ್ತಿರುತ್ತದೆ. ಮಳೆ ಹನಿಯೊಡೆದರೆ ಬೆಳೆಗಾರರ ಎದೆ ಒಡೆಯುತ್ತದೆ. ಅಂಥ ಒಂದು ದ್ರಾಕ್ಷಿಯನ್ನು ಅಂಗೈಯಲ್ಲಿಟ್ಟು ನೋಡಿ. ಸುಕ್ಕುಗಳು ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ, ತೊಟ್ಟು ಕಿತ್ತ ಜಾಗದಲ್ಲಿ ಒಂದು ಕುಳಿ ಇರುತ್ತದೆ. ಬೆಳಕಿಗೆ ಹಿಡಿದರೆ ಹಸಿರು, ಜೇನುಬಣ್ಣ ಎರಡೂ ಕಾಣುತ್ತವೆ. ಬಾಯಲ್ಲಿಟ್ಟು ಕಚ್ಚದೆ ಇರಿ, ಮೊದಲು ರುಚಿಯೇ ಇರುವುದಿಲ್ಲ. ನೀರೂರಿ ಸಿಪ್ಪೆ ಮೆತ್ತಗಾದಮೇಲೆ ಕಚ್ಚಿದರೆ ಸಿಹಿಯ ಹಿಂದೆ ಒಂದು ಹುಳಿ ಬರುತ್ತದೆ. ಮುಷ್ಟಿ ತುಂಬ ಬಾಯಿಗೆ ಹಾಕಿಕೊಂಡಾಗ ಆ ಹುಳಿ ತಿಳಿಯುವುದೇ ಇಲ್ಲ.

ಅಮೀನಗಡದ ಕರದಂಟಿಗೂ ಇದೇ ಕೆಲಸ ಮಾಡಬಹುದು: ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ಯಾವುದು ಯಾವಾಗ ನಾಲಗೆಗೆ ಬರುತ್ತದೆಂದು ಹೇಳುವ ಪಂದ್ಯ ಕಟ್ಟಿ. ಹುಡುಗರು ಬಹಳ ಇಷ್ಟಪಡುತ್ತಾರೆ.

ಇದು ಧ್ಯಾನ ಶಿಬಿರನಾ? ಯಾವ ಮಠದ್ದು?

ಯಾವುದೂ ಅಲ್ಲ. ನಂಬುವವರು, ನಂಬದವರು ಇಬ್ಬರೂ ಬರುತ್ತಾರೆ. ಆದರೆ ನಮ್ಮಲ್ಲಿ ಹಲವರಿಗೆ ದಾರಿ ಹತ್ತಿಸಿದವರು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಎಂಬುದನ್ನು ಮುಚ್ಚಿಡಬೇಕಿಲ್ಲ. ಮುಂಜಾನೆಯ ಅವರ ಪ್ರವಚನಕ್ಕೆ ಸಾವಿರಾರು ಜನ ಬಂದು ನೆಲದ ಮೇಲೆ ಕುಳಿತು ಕೇಳುತ್ತಿದ್ದರು. ದನಿ ಏರಿಸುತ್ತಿರಲಿಲ್ಲ. ಗಿಡ, ಹಕ್ಕಿ, ನೀರು, ಹೊಲದ ಮಾತಿನಿಂದಲೇ ದೊಡ್ಡ ವಿಚಾರಕ್ಕೆ ಹೋಗುತ್ತಿದ್ದರು. ಕಿಸೆಯಿಲ್ಲದ ಅಂಗಿ ತೊಡುತ್ತಿದ್ದ ಅವರು 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ತೀರಿಕೊಂಡರು. ತನಗೆ ಸ್ಮಾರಕ ಕಟ್ಟಬಾರದೆಂದು ಮೊದಲೇ ಬರೆದಿಟ್ಟಿದ್ದರು.

ಇದರಿಂದ ಏನು ಲಾಭ ಅಂತ ಸಾಬೀತಾಗೇತೇನು?

ಮನಶ್ಶಾಸ್ತ್ರದಲ್ಲಿ ಹೀಗೆ ಸವಿಯುವುದಕ್ಕೆಂದೇ ಒಂದು ಅಧ್ಯಯನ ಕ್ಷೇತ್ರವಿದೆ. ಫ್ರೆಡ್ ಬ್ರಯಾಂಟ್ ಮತ್ತು ಜೋಸೆಫ್ ವೆರಾಫ್ 2007ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಕಷ್ಟವನ್ನು ತಾಳಿಕೊಳ್ಳುವುದು ಒಂದು ಶಕ್ತಿಯಾದರೆ, ಒಳ್ಳೆಯದನ್ನು ಸವಿಯುವುದು ಅದರಿಂದ ಬೇರೆಯೇ ಆದ ಇನ್ನೊಂದು ಶಕ್ತಿ ಎಂಬುದು ಅವರ ವಾದ. ಸವಿಯುವುದು ಮೂರು ಕಾಲದಲ್ಲಿ ನಡೆಯುತ್ತದೆ: ಬರುವುದನ್ನು ಎದುರುನೋಡುತ್ತ, ಬಂದಾಗ ಅನುಭವಿಸುತ್ತ, ಹೋದಮೇಲೆ ನೆನೆಯುತ್ತ. ಜಾತ್ರೆಗೆ ತಿಂಗಳ ಮುಂಚೆಯೇ ಸುಣ್ಣ ಬಳಿಯುವ ನಮ್ಮ ಊರುಗಳಿಗೆ ಮೊದಲನೆಯದು ಚೆನ್ನಾಗಿ ಗೊತ್ತು.

ಆದರೆ ನನ್ನನ್ನು ಹೆಚ್ಚು ಕಾಡುವುದು 1973ರಲ್ಲಿ ಪ್ರಕಟವಾದ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಅವರ ಪ್ರಯೋಗ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಪಕ್ಕದ ಕಟ್ಟಡಕ್ಕೆ ಭಾಷಣ ಮಾಡಲು ಕಳಿಸಿದರು. ಕೆಲವರಿಗೆ ‘ತಡವಾಗಿದೆ, ಓಡು’ ಎಂದರು, ಕೆಲವರಿಗೆ ‘ಇನ್ನೂ ಹೊತ್ತಿದೆ’ ಎಂದರು. ದಾರಿಯಲ್ಲಿ ಒಬ್ಬ ಮನುಷ್ಯ ಕೆಮ್ಮುತ್ತ ನರಳುತ್ತ ಕುಸಿದಿದ್ದ. ಹೊತ್ತಿದ್ದವರಲ್ಲಿ ಶೇ 63 ಜನ ನೆರವಿಗೆ ನಿಂತರು. ಅವಸರದಲ್ಲಿದ್ದವರಲ್ಲಿ ಶೇ 10 ಮಾತ್ರ. ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಜ್ಜನನ ಬೈಬಲ್ ಕಥೆಯ ಬಗ್ಗೆಯೇ ಭಾಷಣ ಮಾಡಲು ಹೊರಟವರೂ ಅವರಲ್ಲಿದ್ದರು. ಅವರೇನು ಕೆಟ್ಟವರಲ್ಲ. ಅವಸರ ಅವರ ಕಣ್ಣನ್ನೂ ಕಾಲನ್ನೂ ಆಳಿತು. ಲಾಭ ಕೇಳುವವರಿಗೆ ನಾನು ಇದನ್ನೇ ಹೇಳುವುದು: ಕಂಬದ ಕೆತ್ತನೆ ನೋಡಲು ನಿಲ್ಲುವ ಕಾಲು, ಬಿದ್ದವರನ್ನು ಎತ್ತಲೂ ನಿಂತೀತು.

ಮನಸ್ಸಿಗೆ ದುಃಖ ಆದಾಗೂ ಸಣ್ಣಸಣ್ಣದ್ದನ್ನ ಸವಿಯಾಕ ಆಗತೈತೇನು?

ಕೆಲವೊಮ್ಮೆ ಆಗುವುದಿಲ್ಲ, ಆಗಬೇಕೆಂದೂ ಇಲ್ಲ. ದುಃಖದಲ್ಲಿರುವವರನ್ನು ‘ಒಳ್ಳೆಯದನ್ನು ನೋಡು’ ಎಂದು ದೂಡಬಾರದು. ಊಟ ನಿದ್ದೆ ಬಿಟ್ಟು, ಯಾವುದರಲ್ಲೂ ರುಚಿಯಿಲ್ಲದೆ ವಾರಗಟ್ಟಲೆ ಕಳೆದರೆ ಅದಕ್ಕೆ ವೈದ್ಯರೇ ಬೇಕು. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆದರೆ ಮುಳುಗಡೆಯ ಜನರ ಮಾತು ಕೇಳಿದಾಗ ನನಗೆ ಹೊಳೆದದ್ದೊಂದಿದೆ. ಆಲಮಟ್ಟಿ ಆಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟದ್ದು 1964ರಲ್ಲಿ. ಹಿನ್ನೀರು ಏರುತ್ತ ಬಂದಂತೆ ಹಳೆ ಬಾಗಲಕೋಟೆಯ ಓಣಿಗಳು, ನದಿದಂಡೆಯ ಎಷ್ಟೋ ಹಳ್ಳಿಗಳು ನೀರಿಗೆ ಹೋದವು, ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಬಂದರು. ಅಂಥವರ ಪಕ್ಕ ಕುಳಿತರೆ ಪರಿಹಾರದ ಲೆಕ್ಕದ ಮಾತು ಬೇಗ ಮುಗಿಯುತ್ತದೆ, ಆಮೇಲೆ ಬೇರೆ ಮಾತು ಶುರುವಾಗುತ್ತದೆ. ಕಟ್ಟೆಯ ಯಾವ ಕಲ್ಲು ಬೇಸಿಗೆಯಲ್ಲೂ ತಂಪಿರುತ್ತಿತ್ತು, ಪಡಸಾಲೆಯ ಯಾವ ಕಂಬಕ್ಕೆ ಆತು ಅವ್ವ ಅಕ್ಕಿ ಆರಿಸುತ್ತಿದ್ದಳು, ಕಾಳು ತುಂಬಿಡುವ ನೆಲದೊಳಗಿನ ಹಗೇವಿನ ಬಾಯಿ ತೆಗೆದಾಗ ಜೋಳದ ವಾಸನೆ ಹೇಗೆ ಬರುತ್ತಿತ್ತು, ಬೆಳಕಿಂಡಿಯ ಬಿಸಿಲು ಎಷ್ಟೊತ್ತಿಗೆ ಯಾವ ಗೋಡೆಗೆ ಬರುತ್ತಿತ್ತು. ಮನೆ ಅಂದರೆ ಅವರಿಗೆ ಇವೇ. ಕಾಗದದಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಆ ನೆನಪು ಅವರ ನೋವನ್ನು ಕಡಿಮೆ ಮಾಡಿದೆಯೆಂದು ನಾನು ಹೇಳುವುದಿಲ್ಲ, ಬಹುಶಃ ಹೆಚ್ಚು ಮಾಡಿದೆ. ಆದರೂ ಹೇಳುವಾಗ ಅವರ ಮುಖಕ್ಕೆ ಜೀವ ಬರುತ್ತದೆ. ಇದ್ದಾಗ ನೋಡಿಕೊಂಡವರಿಗೆ ಅಷ್ಟಾದರೂ ಉಳಿಯಿತು. ನಿಮ್ಮ ಮನೆಯ ಬಿಸಿಲು ಎಷ್ಟೊತ್ತಿಗೆ ಯಾವ ಗೋಡೆಗೆ ಬರುತ್ತದೆಂದು ನಿಮಗೆ ಗೊತ್ತೇ? ನಾನು ಕೇಳಿದ ಬಹಳ ಜನರಿಗೆ ಗೊತ್ತಿರಲಿಲ್ಲ.

ಸುಮ್ನ ಕುಂತರ ಬ್ಯಾಸರ ಬರತೈತಿ.

ಬರುತ್ತದೆ, ಎಲ್ಲರಿಗೂ. ಮೊದಲು ಬೇಸರ, ಆಮೇಲೆ ಮೊಬೈಲ್ ಕಡೆ ಕೈ, ಆಮೇಲೆ ಕಾಲು ನೋವು. ಎದ್ದು ಹೋಗದೆ ಇನ್ನೂ ಸ್ವಲ್ಪ ಕುಳಿತವರಿಗೆ ಅಲ್ಲಿಯವರೆಗೆ ಕಾಣದ್ದು ಕಾಣತೊಡಗುತ್ತದೆ.

ಮಕ್ಕಳನ್ನ ಕರಕೊಂಡು ಬರಬಹುದಾ?

ಧಾರಾಳವಾಗಿ. ‘ಸುಮ್ಮನಿರು’ ಎಂದು ಗದರುವ ಬದಲು ಏನಾದರೂ ಹುಡುಕಲು ಹೇಳಿ: ಕಂಬದಲ್ಲಿ ಎಷ್ಟು ಬಗೆಯ ಹಕ್ಕಿ, ಬಾದಾಮಿಯ ಕೆಂಪು ಬಂಡೆಯಲ್ಲಿ ಎಷ್ಟು ಬಣ್ಣದ ಪಟ್ಟೆ. ತಿಂಡಿಯ ಚೀಲ ಮಾತ್ರ ಅವರ ಕೈಗೆ ಕೊಡಬೇಡಿ, ಅಲ್ಲಿನ ಮಂಗಗಳು ಬಹಳ ಚುರುಕು.

ಬಾದಾಮಿಗೆ ಬರಾಕ ಆಗೂದಿಲ್ಲ. ಮನ್ಯಾಗ ಎಲ್ಲಿಂದ ಶುರು ಮಾಡ್ಲಿ?

ಟ್ರಂಕಿನಲ್ಲಿ ಅವ್ವನದೋ ಅಜ್ಜಿಯದೋ ಇಳಕಲ್ ಸೀರೆ ಇದ್ದರೆ ಅದನ್ನು ಹೊರಗೆ ತೆಗೆಯಿರಿ. ಬೆಳಕಿರುವ ಕಡೆ ಹಾಸಿ. ಕೆಂಪು ರೇಷ್ಮೆಯ ಸೆರಗಿನಲ್ಲಿ ತೋಪುತೆನಿ ಎಂಬ ಬಿಳಿಯ ವಿನ್ಯಾಸ ಎದ್ದು ಕಾಣುತ್ತದೆ, ಅದನ್ನು ಎಲ್ಲರೂ ನೋಡಿರುತ್ತಾರೆ. ನೀವು ನೋಡಬೇಕಾದದ್ದು ಸೆರಗು ಮುಗಿದು ಮೈ ಶುರುವಾಗುವ ಗೆರೆ. ಇಳಕಲ್ ಸೀರೆಯಲ್ಲಿ ಸೆರಗಿನ ಹಾಸು, ಅಂದರೆ ಉದ್ದಕ್ಕೆ ಹೋಗುವ ಎಳೆಗಳು, ಬೇರೆ, ಮೈಯ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸುತ್ತಾರೆ, ಅದೇ ಕೊಂಡಿ. ಒಂದು ಸೀರೆಯ ಅಗಲದಲ್ಲಿ ಇರುವ ಎಳೆಗಳನ್ನೆಲ್ಲ ಕೈಯಿಂದ ಹಾಗೆ ಕೂಡಿಸಿದ ಮೇಲೆಯೇ ನೇಕಾರರು ಕುಣಿಮಗ್ಗದಲ್ಲಿ ಕುಳಿತು ನೇಯಲು ಶುರುಮಾಡುವುದು. ಬಹಳ ಮನೆಗಳಲ್ಲಿ ಈ ಜೋಡಣೆ ಹೆಣ್ಣುಮಕ್ಕಳ ಕೆಲಸ. ಬೆರಳಾಡಿಸಿದರೆ ಆ ಗೆರೆಯ ಮೇಲೆ ತುಸು ಉಬ್ಬು ತಾಕುತ್ತದೆ. ದಡಿಯ ವಿನ್ಯಾಸವನ್ನೂ ನೋಡಿ: ಚಿಕ್ಕಿಯೋ, ಗೋಮಿಯೋ, ಗಾಡಿಯೋ, ಪರಾಸಪೇಟೆಯೋ. ಕಸೂತಿ ಇದ್ದರೆ ಸೀರೆಯನ್ನು ತಿರುವಿ ಹಿಂದಿನಿಂದ ನೋಡಿ. ಗವಂತಿ, ಮುರಗಿ ಹೊಲಿಗೆಯಾದರೆ ಎರಡೂ ಕಡೆ ಒಂದೇ ಥರ ಕಾಣುತ್ತದೆ, ಗಂಟು ಎಲ್ಲೂ ಸಿಗುವುದಿಲ್ಲ.

ಕೊಂಡಿ ಸಿಗದಿದ್ದರೆ ಸೀರೆ ಉಡುವ ಹಿರಿಯರನ್ನೇ ಕೇಳಿ, ತೋರಿಸುತ್ತಾರೆ. ಆ ಸೀರೆ ಯಾವಾಗ ತಂದದ್ದು, ಯಾರು ಕೊಡಿಸಿದ್ದು ಎಂದೂ ಅವರು ಹೇಳಲು ತೊಡಗುತ್ತಾರೆ. ಹಾಗೆ ತೊಡಗಿದರೆ ಮುಂದಿನ ಕೆಲಸ ಏನೇ ಇದ್ದರೂ ಅರ್ಧ ತಾಸು ಮುಂದೆ ಹಾಕಿ, ಅಲ್ಲೇ ಕುಳಿತು ಕೇಳಿ.